ಹಿತ್ತಲಲ್ಲಿ ಕೋಯಿ ಕೊಳ: ಪೈಪು, ಪಂಪು, ಫಿಲ್ಟರ್ ಯಾವ ಕ್ರಮದಲ್ಲಿ?

ಹಿತ್ತಲಕಡೆ (ಪ್ರಶ್ನೆ)

ಮೂಡಿಗೆರೆ ಹತ್ತಿರ ಮನೆ. ಹಿತ್ತಲಲ್ಲಿ ಕೋಯಿ ಕೊಳಕ್ಕೆ ಗುರುತು ಹಾಕಿ ಆಗಿದೆ, ಗುಂಡಿ ಇನ್ನೂ ತೆಗೆಸಿಲ್ಲ. ಉದ್ದ 14 ಅಡಿ, ಅಗಲ 9 ಅಡಿ, ಆಳ ಸರಾಸರಿ ನಾಲ್ಕೂವರೆ ಅಡಿ. ಲೆಕ್ಕಕ್ಕೆ ಸುಮಾರು 16,000 ಲೀಟರ್. ಮೀನು ಹತ್ತು ಹನ್ನೆರಡು, ಅದಕ್ಕಿಂತ ಹೆಚ್ಚಿಲ್ಲ. ಕಾಂಕ್ರೀಟ್ ತಳ, ಬ್ಲಾಕ್ ಗೋಡೆ, ಒಳಗೆ ವಾಟರ್‌ಪ್ರೂಫ್ ಕೋಟಿಂಗ್.

ಜಾಗ ಹಿಂದಕ್ಕೆ ಕಾಫಿ ತೋಟದ ಕಡೆ ಇಳಿಜಾರು, ಸ್ವಲ್ಪ ದೂರಕ್ಕೇ ನಾಲ್ಕೈದು ಅಡಿ ತಗ್ಗು ಸಿಗುತ್ತೆ. ನೀರು ಗುಡ್ಡದ ಝರಿಯಿಂದ ಪೈಪಿನಲ್ಲಿ ತಾನಾಗಿ ಬರುತ್ತೆ. ಮಳೆಗಾಲದಲ್ಲಿ ಕರೆಂಟಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ.

ಪ್ಲಂಬರ್ ಹೇಳಿದ ನಕ್ಷೆ ಹೀಗಿದೆ: ಕೊಳದ ಗೋಡೆಯಿಂದ ಒಂದೂವರೆ ಇಂಚಿನ ಸಕ್ಷನ್ ಪೈಪು, ಅರ್ಧ ಎಚ್‌ಪಿ ಮೋನೋಬ್ಲಾಕ್, ಅಲ್ಲಿಂದ ಈಜುಕೊಳಕ್ಕೆ ಹಾಕುವಂಥ ಸ್ಯಾಂಡ್ ಫಿಲ್ಟರ್, ವಾಪಸ್ ಬರುವಾಗ ಒಂದು ಸಣ್ಣ ಜಲಪಾತ. ತಳದಲ್ಲಿ ಡ್ರೈನ್ ಬೇಡ, ಮುಂದೆ ಸೋರುತ್ತೆ ಅಂತಾರೆ. ಇದು ಸರಿಯಾ? ಸರಿ ಇಲ್ಲದಿದ್ದರೆ ಯಾವ ಅಳತೆಯ ಪೈಪು, ಎಷ್ಟು ಲೀಟರಿನ ಪಂಪು, ಫಿಲ್ಟರ್ ಯಾವ ಮಟ್ಟದಲ್ಲಿ ಕೂರಬೇಕು? ಕಾಂಕ್ರೀಟ್ ಬಿದ್ದ ಮೇಲೆ ಬದಲಾಯಿಸೋಕೆ ಆಗದ ಸಂಗತಿಗಳನ್ನ ಮೊದಲು ಹೇಳಿ.

---

ನೀರಗಂಟಿ

ಆ ನಕ್ಷೆ ಈಜುಕೊಳದ್ದು. ಈಜುಕೊಳದಲ್ಲಿ ದಿನಾ 100 ಗ್ರಾಂ ತಿಂಡಿ ತಿಂದು ಅಲ್ಲೇ ಹೊಲಸು ಮಾಡುವವರು ಇರುವುದಿಲ್ಲ. ಕೋಯಿ ಕೊಳದ ಹೊಲಸು ತಳಕ್ಕೆ ಇಳಿಯುತ್ತದೆ. ಗೋಡೆಯ ಮಧ್ಯದ ಸಕ್ಷನ್ನಿಗೆ ಅದು ಸಿಗುವುದೇ ಇಲ್ಲ. ಸಿಕ್ಕಿದ್ದಷ್ಟನ್ನು ಪಂಪಿನ ಇಂಪೆಲ್ಲರ್ ಅರೆದು ಗಂಜಿ ಮಾಡಿ ಮರಳಿಗೆ ತಳ್ಳುತ್ತದೆ. ಮರಳು ಕೆಲವೇ ವಾರದಲ್ಲಿ ಲೋಳೆ ಹಿಡಿದು ಗಟ್ಟಿಯಾಗುತ್ತದೆ, ನೀರು ತನಗೆ ಬೇಕಾದ ಒಂದೆರಡು ಕಂಡಿ ಮಾಡಿಕೊಂಡು ಸೋಸದೆಯೇ ಹೊರಗೆ ಬರುತ್ತದೆ.

ಕ್ರಮ ತಿರುಗಿಸಿ. ತಳದ ಡ್ರೈನ್, ಅಲ್ಲಿಂದ ತಾನಾಗಿ ಹರಿದು ಫಿಲ್ಟರ್, ಪಂಪು ಎಲ್ಲಕ್ಕಿಂತ ಕೊನೆಗೆ. ಪಂಪಿಗೆ ಸೋಸಿದ ನೀರು ಮಾತ್ರ ಸಿಗಬೇಕು. ಫಿಲ್ಟರಿನ ನೀರಿನ ಮಟ್ಟವೂ ಕೊಳದ ಮಟ್ಟವೂ ಒಂದೇ. ಪಂಪು ಕೊನೆಯ ತೊಟ್ಟಿಯಿಂದ ನೀರೆಳೆದಾಗ ಅಲ್ಲಿ ಮಟ್ಟ ಕೊಂಚ ಇಳಿಯುತ್ತದೆ, ಆ ವ್ಯತ್ಯಾಸ ತುಂಬಲು ಕೊಳದ ನೀರು ತಳದ ಪೈಪಿನಲ್ಲಿ ಬರುತ್ತದೆ. ಅಷ್ಟೇ ಇದರ ಗುಟ್ಟು.

ಕಾಂಕ್ರೀಟಿನ ಕೆಳಗೆ ಹೋಗುವುದು ಒಂದೇ ಪೈಪು, ಅದು 110 ಎಂಎಂ. 16,000 ಲೀಟರನ್ನು ಒಂದೂವರೆ ಗಂಟೆಗೊಮ್ಮೆ ತಿರುಗಿಸಬೇಕು ಅಂದರೆ ಗಂಟೆಗೆ 10,000ದಿಂದ 11,000 ಲೀಟರ್. 110 ಎಂಎಂ ಪೈಪಿನಲ್ಲಿ 10,000 ಲೀಟರ್ ಸೆಕೆಂಡಿಗೆ ಸುಮಾರು 33 ಸೆಂಟಿಮೀಟರ್ ವೇಗದಲ್ಲಿ ಹೋಗುತ್ತದೆ. ಆರು ಮೀಟರ್ ಪೈಪು, ಒಂದೆರಡು ಬೆಂಡು ಸೇರಿದರೂ ಫಿಲ್ಟರಿನ ಮಟ್ಟ ಒಂದು ಇಂಚಿನಷ್ಟು ಇಳಿದರೆ ಸಾಕು. ದೊಡ್ಡದಿದ್ದರೆ ಇನ್ನೂ ಒಳ್ಳೆಯದು ಅಂತ 160 ಎಂಎಂ ಹಾಕಿಸುವವರಿದ್ದಾರೆ. ಬೇಡ. ಅದರಲ್ಲಿ ವೇಗ 15 ಸೆಂಟಿಮೀಟರಿಗೆ ಇಳಿದು ಹೊಲಸು ಪೈಪಿನೊಳಗೇ ಕೂರುತ್ತದೆ, ಅಲ್ಲೇ ಕೊಳೆಯುತ್ತದೆ.

ಮೇಲೆ ತೇಲುವ ಸಿಲ್ವರ್ ಓಕ್ ಎಲೆಗೆ ಒಂದು ಸ್ಕಿಮ್ಮರ್ ಬೇಕು, ಅದಕ್ಕೆ ಇನ್ನೊಂದು 110 ಎಂಎಂ. ಎರಡನ್ನೂ ನಡುವೆ ಟೀ ಹಾಕಿ ಕೂಡಿಸಬೇಡಿ. ಎರಡೂ ಬೇರೆ ಬೇರೆಯಾಗಿ ಮೊದಲನೇ ತೊಟ್ಟಿಗೆ ಬರಲಿ. ಕೂಡಿಸಿದರೆ ನೀರು ಸುಲಭದ ದಾರಿ ಹಿಡಿಯುತ್ತದೆ, ಅಂದರೆ ಸ್ಕಿಮ್ಮರಿನದು, ತಳದ ಡ್ರೈನ್ ಸುಮ್ಮನೆ ಕೂರುತ್ತದೆ. ಬೇರೆ ಇದ್ದರೆ ವಾರಕ್ಕೊಮ್ಮೆ ಸ್ಕಿಮ್ಮರ್ ಮುಚ್ಚಿ ಪೂರ್ತಿ ಹರಿವನ್ನು ತಳದ ಪೈಪಿಗೆ ಕೊಟ್ಟು ತೊಳೆಯಬಹುದು.

ಫಿಲ್ಟರಿಗೆ ಮೂರು ತೊಟ್ಟಿ, ಒಂದೊಂದೂ ಒಳಗೆ 3 ಅಡಿ ಉದ್ದ, 3 ಅಡಿ ಅಗಲ, 4 ಅಡಿ ನೀರಿನ ಆಳ. ತೊಟ್ಟಿಗೆ ಸಾವಿರ ಲೀಟರ್ ಆಯಿತು. ಗೋಡೆಯ ತಲೆ ಕೊಳದ ತುಂಬು ಮಟ್ಟಕ್ಕಿಂತ 6 ಇಂಚಾದರೂ ಮೇಲಿರಲಿ. ಮೊದಲನೆಯದರಲ್ಲಿ ಹೊಲಸು ಕೂರಬೇಕು: ತಳವನ್ನು ಒಂದು ಮೂಲೆಗೆ ಇಳಿಜಾರು ಮಾಡಿ, ನೀರು ಹೊರಹೋಗುವ ಬದಿಗೆ ಫಿಲ್ಟರ್ ಬ್ರಷ್ ಸಾಲು ತೂಗುಹಾಕಿ. ಎರಡನೆಯದು ಬ್ಯಾಕ್ಟೀರಿಯಾದ ಮನೆ: ಜಪಾನೀ ಮ್ಯಾಟ್ ಅಥವಾ ಗಾಳಿಯಲ್ಲಿ ಕುದಿಯುವ 50 ಲೀಟರ್ ಪ್ಲಾಸ್ಟಿಕ್ ಮೀಡಿಯಾ. ನಿಮ್ಮ ಮೀನಿಗೆ ಅದು ಧಾರಾಳ. ಮೂರನೆಯದರಲ್ಲಿ ಪಂಪು. ತೊಟ್ಟಿಯಿಂದ ತೊಟ್ಟಿಗೆ ಎರಡೆರಡು 110 ಎಂಎಂ ಕಂಡಿ ಬಿಡಿ. ಒಂದೇ ಬಿಟ್ಟರೆ ಮಟ್ಟದ ವ್ಯತ್ಯಾಸ ಸೇರುತ್ತಾ ಹೋಗಿ ಪಂಪಿನ ತೊಟ್ಟಿಯ ಮಟ್ಟ ಇನ್ನಷ್ಟು ಇಳಿಯುತ್ತದೆ.

ನೆಲದಲ್ಲಿ ಹೂಳುವುದಕ್ಕೆ ಪ್ಲಾಸ್ಟಿಕ್ ಟ್ಯಾಂಕ್ ತರಬೇಡಿ. ಜುಲೈನಲ್ಲಿ ತೊಳೆಯಲೆಂದು ಖಾಲಿ ಮಾಡಿದ ದಿನ ಸುತ್ತಲಿನ ಜವುಳು ನೀರು ಅದನ್ನು ಒಳಕ್ಕೆ ಅಪ್ಪಚ್ಚಿ ಮಾಡುತ್ತದೆ, ಇಲ್ಲವೇ ಮೇಲಕ್ಕೆ ತೇಲಿಸುತ್ತದೆ. ಇಟ್ಟಿಗೆ ಅಥವಾ ಬ್ಲಾಕಿನಲ್ಲೇ ಕಟ್ಟಿಸಿ.

ಹೊಲಸು ಹೊರಬಿಡಲು ದುಬಾರಿ ಸ್ಲೈಡ್ ವಾಲ್ವ್ ಬೇಕಿಲ್ಲ. ಮೊದಲ ತೊಟ್ಟಿಯ ತಗ್ಗು ಮೂಲೆಯಲ್ಲಿ 110 ಎಂಎಂ ಸಾಕೆಟ್ ಕೂರಿಸಿ ಅಲ್ಲಿಂದ ತೋಟದ ತಗ್ಗಿಗೆ ಪೈಪು ಎಳೆಯಿರಿ. ಸಾಕೆಟ್ಟಿಗೆ ನೀರಿನ ಮಟ್ಟಕ್ಕಿಂತ ಎತ್ತರದ ಪೈಪಿನ ತುಂಡೊಂದನ್ನು ಅಂಟಿಸದೆ ಬಿಗಿಯಾಗಿ ಚುಚ್ಚಿ ನಿಲ್ಲಿಸಿದರೆ ಅದೇ ಬಿರಡೆ. ಎತ್ತಿದರೆ ಹೊಲಸೆಲ್ಲ ಬಾಳೆ ಬುಡಕ್ಕೆ. ಸ್ಕಿಮ್ಮರ್ ಪೈಪನ್ನು ಮುಚ್ಚುವುದಕ್ಕೂ ಇದೇ ಉಪಾಯ. ನಿಮ್ಮ ಇಳಿಜಾರು ಇದಕ್ಕೆ ಹೇಳಿ ಮಾಡಿಸಿದ್ದು. ಹಳ್ಳಕ್ಕೆ ಮಾತ್ರ ನೇರ ಬಿಡಬೇಡಿ. ಕೋಯಿ ಮರಿ ಜೊತೆಗೆ ಹೋದರೆ ಹೇಮಾವತಿಗೆ ಹೊರಗಿನ ಮೀನು ಸೇರಿಸಿದಂತಾಗುತ್ತದೆ.

---

ಪೈಪುಪಾಠ_ಹಾಸನ

ವಾಪಸ್ ಲೈನಿನ ಬಗ್ಗೆ ನಾನು ಸೇರಿಸ್ತೀನಿ, ಎಲ್ಲರೂ ಕೈ ಸುಟ್ಟುಕೊಳ್ಳೋದು ಅಲ್ಲೇ.

ಗಂಟೆಗೆ 10,000 ಲೀಟರ್, 10 ಮೀಟರ್ ನೇರ ಪೈಪು ಅಂತ ಇಟ್ಕೊಳ್ಳಿ. 40 ಎಂಎಂ ಪೈಪಲ್ಲಿ ಬರೀ ಉಜ್ಜಾಟಕ್ಕೇ ಸುಮಾರು 2 ಮೀಟರ್ ಹೆಡ್ (ಪಂಪು ನೀರನ್ನ ಏರಿಸಬಲ್ಲ ಎತ್ತರ) ಹೋಗುತ್ತೆ. 50 ಎಂಎಂನಲ್ಲಿ 60 ಸೆಂಟಿಮೀಟರ್. 63 ಎಂಎಂನಲ್ಲಿ 20 ಸೆಂಟಿಮೀಟರ್. ಪೈಪಿನ ಗೋಡೆ ದಪ್ಪದ ಮೇಲೆ ಒಂಚೂರು ಆಚೀಚೆ ಆಗಬಹುದು. ಅಂಗಡೀಲಿ ಪೈಪಿನ ರೇಟಿನ ವ್ಯತ್ಯಾಸ ಒಂದು ಸಲದ್ದು, ಕರೆಂಟ್ ಬಿಲ್ಲು ಪ್ರತಿ ತಿಂಗಳದ್ದು. 63 ಎಂಎಂ ಮುಖ್ಯ ಲೈನ್ ಎಳೆದು, ಕೊಳದ ಹತ್ತಿರ ಎರಡು 50 ಎಂಎಂ ಕವಲು ಮಾಡಿ, ಎರಡಕ್ಕೂ ಬಾಲ್ ವಾಲ್ವ್ ಕೊಡಿ. 90 ಡಿಗ್ರಿ ಎಲ್ಬೋ ಒಂದು ಹಾಕಿದ್ರೆ ಸುಮಾರು 2 ಮೀಟರ್ ಪೈಪು ಜಾಸ್ತಿ ಹಾಕಿದ ಲೆಕ್ಕ. ಜಾಗ ಇದ್ದ ಕಡೆ ಎರಡು 45 ಬೆಂಡ್ ಹಾಕಿ ತಿರುಗಿಸಿ.

ಕವಲಿನ ಬಾಯಿ ನೀರಿನ ಮೇಲ್ಮೈಯಿಂದ ಒಂದು ಒಂದೂಕಾಲು ಅಡಿ ಕೆಳಗೆ, ಗೋಡೆಗೆ ಓರೆಯಾಗಿ. ಎರಡೂ ಒಂದೇ ಸುತ್ತಿನ ದಿಕ್ಕಿಗೆ ನೋಡಬೇಕು, ಎದುರುಬದುರು ಅಲ್ಲ. ಬಾಯಿಯನ್ನ 40 ಎಂಎಂಗೆ ಕುಗ್ಗಿಸಿದರೆ ತಳ್ಳು ಬರುತ್ತೆ. ಕೊಳದ ನೀರೆಲ್ಲ ನಿಧಾನಕ್ಕೆ ಸುತ್ತಿ, ಹೊಲಸು ಮಧ್ಯದ ಡ್ರೈನಿಗೆ ಸರಿಯುತ್ತೆ. ಚೌಕ ಮೂಲೆ ಇದ್ರೆ ಅಲ್ಲಿ ನೀರು ಸತ್ತು ಕಪ್ಪು ಕೆಸರು ಕೂರುತ್ತೆ. ಮೂಲೆಗಳಿಗೆ ಒಂದಡಿ ಗುಂಡು ಕೊಡಿಸಿ. ತಳ ನಾಲ್ಕೂ ಕಡೆಯಿಂದ ಡ್ರೈನಿಗೆ 3ರಿಂದ 4 ಇಂಚು ಇಳಿಜಾರು ಇರಲಿ. ಡ್ರೈನ್ ಮುಚ್ಚಳದ ಸುತ್ತ ಸಂದು ಒಂದು ಇಂಚು ಸಾಕು. ಜಾಸ್ತಿ ಬಿಟ್ರೆ ಎಳೆತ ಸಾಯುತ್ತೆ, ಮರಿಮೀನು ಒಳಗೆ ನುಗ್ಗುತ್ತೆ.

ಪಂಪು: ಮೋನೋಬ್ಲಾಕ್ ಮರೆತುಬಿಡಿ. ಅದು ನೀರನ್ನ ಮಾಳಿಗೆಗೆ ಏರಿಸೋಕೆ ಮಾಡಿದ್ದು. ಅರ್ಧ ಎಚ್‌ಪಿದು 500 ವ್ಯಾಟ್ ಎಳೆದರೂ ದಿನಕ್ಕೆ 12 ಯೂನಿಟ್, ತಿಂಗಳಿಗೆ 360. ನೀರಗಂಟಿಯವರು ಹೇಳಿದ ರೀತಿ ಮಾಡಿದ್ರೆ ಪಂಪು ಏರಿಸಬೇಕಾದದ್ದು ಉಜ್ಜಾಟ ಎಲ್ಲ ಸೇರಿ ಒಂದು ಮೀಟರ್ ಒಳಗೇ. 90ರಿಂದ 100 ವ್ಯಾಟಿನ ಕೊಳದ ಪಂಪು ಸಾಕು, ತಿಂಗಳಿಗೆ 70 ಯೂನಿಟ್ ಆಸುಪಾಸು. ಡಬ್ಬಿ ಮೇಲೆ ಬರೆದಿರೋ ಲೀಟರ್ ಸೊನ್ನೆ ಹೆಡ್ಡಿನದು, ಅದನ್ನ ನಂಬಬೇಡಿ. ಗ್ರಾಫ್ ಕೇಳಿ, ಒಂದು ಮೀಟರಲ್ಲಿ 10,000 ಕೊಡೋದನ್ನ ಆರಿಸಿ. ಜಲಪಾತ ಬೇಕೇ ಬೇಕು ಅಂದ್ರೆ ಅದಕ್ಕೆ ಬೇರೆ ಸಣ್ಣ ಪಂಪು, ನೆಂಟರು ಬಂದಾಗ ಹಾಕ್ಕೊಳ್ಳಿ. ಮೂರಡಿ ಜಲಪಾತಕ್ಕೆ ಅಂತ ಇಡೀ ಹರಿವನ್ನ ಇಪ್ಪತ್ನಾಲ್ಕು ಗಂಟೆ ಮೂರಡಿ ಎತ್ತೋದು ಶುದ್ಧ ದಂಡ.

ಪೈಪಿನ ಜಾತಿ: ಸ್ಲ್ಯಾಬ್ ಕೆಳಗೆ ಹೋಗೋದಕ್ಕೆ ರಬ್ಬರ್ ರಿಂಗಿನ ಎಸ್‌ಡಬ್ಲ್ಯೂಆರ್ ಬೇಡ. ಅದು ಇಳಿದು ಹೋಗೋ ನೀರಿಗೆ, ಸದಾ ತುಂಬಿ ಒತ್ತಿಕೊಂಡಿರೋ ನೀರಿಗಲ್ಲ. ಒತ್ತಡದ ಪಿವಿಸಿ, 4 ಕೆಜಿ ಕ್ಲಾಸಾದ್ರೂ ಆಗಲಿ, ಸಾಲ್ವೆಂಟ್ ಅಂಟಿನ ಜೋಡಣೆ. ಅಂಟಿಸೋವಾಗ ಒಳಗೂ ಹೊರಗೂ ಒರೆಸಿ, ಎರಡೂ ಕಡೆ ಹಚ್ಚಿ, ಕಾಲು ಸುತ್ತು ತಿರುಗಿಸಿ ತಳ್ಳಿ, ಅರ್ಧ ನಿಮಿಷ ಹಿಡ್ಕೊಳ್ಳಿ. ಸೋನೆ ಮಳೇಲಿ ಒದ್ದೆ ಪೈಪಿಗೆ ಅಂಟು ಹಚ್ಚಿದ್ರೆ ಆ ಜೋಡಣೆ ಇವತ್ತಲ್ಲ ನಾಳೆ ಬಿಡುತ್ತೆ. 24 ಗಂಟೆ ಬಿಟ್ಟು, ಫಿಲ್ಟರ್ ಕಡೆ ತುದಿಗೆ ಮುಚ್ಚಳ ಹಾಕಿ, ಡ್ರೈನ್ ಕಡೆ ಐದಡಿ ಪೈಪು ನಿಲ್ಲಿಸಿ ತುಂಬಾ ನೀರು ಹಾಕಿ ಗುರುತು ಮಾಡಿ. ಇನ್ನೊಂದು ದಿನ ಕಳೆದರೂ ಮಟ್ಟ ಇಳಿಯದಿದ್ರೆ ಮಾತ್ರ ಕಾಂಕ್ರೀಟ್. ಪ್ಲಂಬರ್ ಹೆದರೋ ಸೋರಿಕೆಗೆ ಇದೇ ಮದ್ದು. ಪೈಪು ಮಧ್ಯದಲ್ಲಿ ಉಬ್ಬಿರಬಾರದು, ಉಬ್ಬಿದ ಕಡೆ ಗಾಳಿ ಸಿಕ್ಕಿಕೊಂಡು ಹರಿವು ಅರ್ಧ ಆಗುತ್ತೆ.

---

ಕೆರೆಏರಿ

ಇಷ್ಟೆಲ್ಲ ತಲೆಬಿಸಿ ಯಾಕೆ? ಕೊಳದ ತಳದಲ್ಲಿ ಸಬ್‌ಮರ್ಸಿಬಲ್ ಪಂಪು ಇಟ್ಟು, ದಡದ ಮೇಲೆ ಡ್ರಮ್ ಫಿಲ್ಟರಿಗೆ ಎತ್ತಿ, ಅಲ್ಲಿಂದ ಪೈಪಲ್ಲಿ ವಾಪಸ್ ಬಿಟ್ಟರೆ ಗೋಡೆ ತೂತು ಮಾಡೋದೇ ಬೇಡ. 5,000 ಲೀಟರಿನ ಕೊಳಗಳು ಬಹಳಷ್ಟು ಹಾಗೇ ನಡೀತಿವೆ.

---

ನೀರಗಂಟಿ

5,000 ಲೀಟರಿಗೆ, ಗೋಲ್ಡ್ ಫಿಶ್ಶಿಗೆ ಖಂಡಿತ ನಡೆಯುತ್ತದೆ. ಈಗಾಗಲೇ ಕಟ್ಟಿದ ಕೊಳಕ್ಕೂ ಅದೇ ದಾರಿ. ಇಲ್ಲಿ ಗುಂಡಿಯೇ ತೆಗೆದಿಲ್ಲ, ಹಾಗಿರುವಾಗ ಅರೆದ ಹೊಲಸನ್ನು ಸೋಸುವ ಕಷ್ಟ ಯಾಕೆ ಮೈಮೇಲೆ ಹಾಕಿಕೊಳ್ಳಬೇಕು? ಇನ್ನೊಂದು ಅಪಾಯವೂ ಇದೆ. ದಡದ ಮೇಲಿನ ಫಿಲ್ಟರಿನ ವಾಪಸ್ ಪೈಪು ಎಲೆ ಸಿಕ್ಕಿ ಕಟ್ಟಿಕೊಂಡರೆ ಪಂಪು ಕೊಳವನ್ನೇ ಅಂಗಳಕ್ಕೆ ಚೆಲ್ಲುತ್ತದೆ. ಪಂಪು ಕೊನೆಗಿದ್ದರೆ ಅತಿ ಕೆಟ್ಟದ್ದು ಅಂದರೆ ಮೂರನೇ ತೊಟ್ಟಿ ಬತ್ತುವುದು. ಒಂದು ಫ್ಲೋಟ್ ಸ್ವಿಚ್ ಹಾಕಿದರೆ ಪಂಪು ತಾನೇ ನಿಲ್ಲುತ್ತದೆ, ಕೊಳದ ನೀರು ಕೊಳದಲ್ಲೇ ಇರುತ್ತದೆ.

ಕರೆಂಟ್ ಹೋದಾಗಲೂ ಅಷ್ಟೇ. ಎಲ್ಲ ತೊಟ್ಟಿಯ ಮಟ್ಟ ಕೊಳದ ಮಟ್ಟಕ್ಕೆ ಏರಿ ನಿಲ್ಲುತ್ತದೆ, ಬಂದಾಗ ಮತ್ತೆ ಇಳಿಯುತ್ತದೆ. ಎರಡೂ ಕಡೆ ಮಟ್ಟ ಒಂದೇ ಆಗುವುದರಿಂದ ವಾಪಸ್ ಪೈಪಿನಲ್ಲಿ ಸೈಫನ್ ಆಗಿ ಕೊಳ ಖಾಲಿಯಾಗುವ ಪ್ರಶ್ನೆಯೂ ಇಲ್ಲ.

---

ಮಲ್ನಾಡ್_ಮೀನು

ಪೈಪಿನ ವಿಷಯ ಮುಗೀತು ಅಂದ್ಕೊಂಡು ನೀರಿನ ವಿಷಯಕ್ಕೆ ಬರ್ತೀನಿ. ಪ್ರಶ್ನೆ ಓದಿದಾಗ ನನಗೆ ಮೊದಲು ಕುಟುಕಿದ್ದು ಝರಿ ನೀರು. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ ನೀರಿನವರಿಗೆ ಗಡಸಿನ ಚಿಂತೆ. ನಿಮಗೆ ಅದರ ತದ್ವಿರುದ್ಧ. ಗುಡ್ಡದ ನೀರು, ಮಳೆ ನೀರು ಎರಡೂ ಮೆದು, ಕೆಎಚ್ (ಪಿಎಚ್ ಕುಸಿಯದಂತೆ ತಡೆಯೋ ಕ್ಷಾರದ ಅಳತೆ) ಇರುವುದಿಲ್ಲ ಅಂದರೂ ನಡೆಯುತ್ತೆ. ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಕೆಎಚ್ ಅನ್ನೂ ತಿನ್ನುತ್ತೆ.

ಲೆಕ್ಕ ನೋಡಿ. 40 ಶೇಕಡ ಪ್ರೋಟೀನಿನ 100 ಗ್ರಾಂ ತಿಂಡಿಯಿಂದ ಸುಮಾರು 3.7 ಗ್ರಾಂ ಅಮೋನಿಯಾ ಸಾರಜನಕ ಬರುತ್ತೆ. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ 7.14 ಗ್ರಾಂ ಕ್ಷಾರ ಖರ್ಚು, ಅಂದರೆ ದಿನಕ್ಕೆ 26 ಗ್ರಾಂ. ನಿಮ್ಮ 16,000 ಲೀಟರಿಗೆ ಹಂಚಿದರೆ ಹನ್ನೊಂದು ದಿನಕ್ಕೆ ಒಂದು ಡಿಗ್ರಿ ಕೆಎಚ್ ಇಳಿಯುತ್ತೆ. ಝರಿ ನೀರು 2 ಡಿಗ್ರಿಯಲ್ಲಿ ಶುರುವಾದರೆ ಮೂರು ವಾರದಲ್ಲಿ ಸೊನ್ನೆ. ಆಮೇಲೆ ಪಿಎಚ್ ಒಂದೇ ರಾತ್ರಿಗೆ ಕುಸಿಯಬಹುದು. ನೀರು ನೋಡೋಕೆ ತಿಳಿಯಾಗೇ ಇರುತ್ತೆ, ಮೀನು ಮೂಲೆ ಸೇರಿರುತ್ತೆ.

ಪರಿಹಾರ ಅಡುಗೆಮನೆಯದೇ. ಅಡುಗೆ ಸೋಡಾ 1,000 ಲೀಟರಿಗೆ 30 ಗ್ರಾಂ ಹಾಕಿದರೆ ಒಂದು ಡಿಗ್ರಿ ಏರುತ್ತೆ. ನಿಮ್ಮ ಕೊಳಕ್ಕೆ 480 ಗ್ರಾಂ. ಬಕೆಟ್ಟಿನಲ್ಲಿ ಕರಗಿಸಿ ವಾಪಸ್ ಬಾಯಿಯ ಹತ್ತಿರ ಸುರಿಯಿರಿ, ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಬೇಡ. 6 ಡಿಗ್ರಿ ಆಸುಪಾಸು ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಟೆಸ್ಟ್, ಮಳೆಗಾಲದಲ್ಲಿ ಎರಡು ಸಲ. ಎರಡನೇ ತೊಟ್ಟಿಯಲ್ಲಿ ಒಂದು ಚೀಲ ಕಪ್ಪೆಚಿಪ್ಪು ತೂಗುಹಾಕಿದರೆ ಸ್ವಲ್ಪ ಆಸರೆ, ಆದರೆ ಅದನ್ನೇ ನಂಬಿ ಕೂರಬೇಡಿ.

ಮಳೆ: ಕೊಳದ ಮೇಲೇ ಬೀಳೋದು ದೊಡ್ಡ ಸಂಗತಿಯಲ್ಲ. 100 ಮಿಲಿಮೀಟರ್ ಸುರಿದರೂ ಕೊಳದ ಅಗಲಕ್ಕೆ 1,200 ಲೀಟರ್ ಅಷ್ಟೇ. ಮನೆ ಮಾಡಿನದ್ದು ಹಾಗಲ್ಲ. 100 ಚದರ ಮೀಟರ್ ಮಾಡು ಅದೇ ಮಳೆಗೆ 10,000 ಲೀಟರ್ ಇಳಿಸುತ್ತೆ. ಆ ದೋಣಿಯ ನೀರು ಕೊಳದ ಕಡೆ ಬರಲೇಬಾರದು. ದಡ ನೆಲಕ್ಕಿಂತ 9 ಇಂಚು ಎತ್ತರ ಕಟ್ಟಿ, ಗುಡ್ಡದ ಕಡೆ ಒಂದು ಚರಂಡಿ ತೆಗೆದು ನೀರನ್ನ ಸುತ್ತು ಹಾಕಿಸಿ ಕಳಿಸಿ. ಓವರ್‌ಫ್ಲೋ 110 ಎಂಎಂ, ಎರಡೂ ತುದಿಗೆ ಸ್ಟೀಲ್ ಜಾಲರಿ. ಹೊರತುದಿ ತೆರೆದಿದ್ದರೆ ನೀರೊಳ್ಳೆ ಹಾವು ಆ ದಾರಿಯಲ್ಲೇ ಬಂದು ಸಣ್ಣ ಮೀನು ಮುಗಿಸುತ್ತೆ.

ತಳದ ಸ್ಲ್ಯಾಬ್ ಕೆಳಗೆ 6 ಇಂಚು ಜಲ್ಲಿ, ಅದರೊಳಗೆ ತೂತಿನ ಪೈಪು, ಅದರ ತುದಿ ತೋಟದ ತಗ್ಗಿಗೆ. ಇದೂ ಕಾಂಕ್ರೀಟಿಗೆ ಮುಂಚೆಯೇ ಆಗಬೇಕಾದ ಕೆಲಸ. ಇಲ್ಲದಿದ್ದರೆ ಆಗಸ್ಟಿನಲ್ಲಿ ಜವುಳು ಕೆಳಗಿಂದ ಒತ್ತಿ ಕೋಟಿಂಗ್ ಬೊಬ್ಬೆ ಏಳುತ್ತೆ.

ಇನ್ನೊಂದನ್ನ ಪೇಟೆಯವರು ಯಾರೂ ಹೇಳೋಲ್ಲ: ಬೋರ್ಡೋ. ಮುಂಗಾರಿಗೆ ಮುಂಚೆ ಕಾಫಿಗೆ, ಕೊಳೆರೋಗಕ್ಕೆ ಅಂತ ಅಡಿಕೆಗೆ ಹೊಡೆಯೋ 1 ಶೇಕಡ ದ್ರಾವಣದಲ್ಲಿ 100 ಲೀಟರಿಗೆ 1 ಕೆಜಿ ಮೈಲುತುತ್ತ ಇರುತ್ತೆ. ತಾಮ್ರ ಮೀನಿಗೆ ವಿಷ, ಮೆದು ನೀರಿನಲ್ಲಿ ಇನ್ನೂ ಜಾಸ್ತಿ ವಿಷ. ಸಿಂಪಡಿಸೋ ದಿನ ಕೊಳಕ್ಕೆ ಟಾರ್ಪಾಲ್ ಹಾಸಿ. ಝರಿಯ ಮೇಲ್ಗಡೆ ತೋಟ ಇದ್ದರೆ ಆಮೇಲಿನ ಮೊದಲ ಎರಡು ಮೂರು ಮಳೆ ಮುಗಿಯೋ ತನಕ ಲೈನ್ ಬಂದ್ ಮಾಡಿ. ಸ್ಪ್ರೇಯರ್ ಡ್ರಮ್ಮನ್ನ ಹಿತ್ತಲಲ್ಲಿ ತೊಳೆಯಬೇಡಿ. ಝರಿ ಲೈನಿನ ಕೊನೆಯಲ್ಲಿ ಜಿಐ ನಿಪ್ಪಲ್, ಹಿತ್ತಾಳೆ ನಲ್ಲಿ ಇದ್ದರೆ ತೆಗೆದು ಪ್ಲಾಸ್ಟಿಕ್ ಹಾಕಿ.

---

ಹಿತ್ತಲಕಡೆ

ಗುಂಡಿ ನಕ್ಷೆ ಬದಲಾಯಿಸಿದೆ. ಇನ್ನು ಎರಡೇ ಪ್ರಶ್ನೆ. ಝರಿ ನೀರು ಸದಾ ಬಿಡ್ತಾ ಇರಬಹುದಾ, ಅಥವಾ ವಾರಕ್ಕೊಮ್ಮೆ ಬದಲಾಯಿಸಬೇಕಾ? ಮತ್ತೆ ಕರೆಂಟ್ ಇಡೀ ರಾತ್ರಿ ಇಲ್ಲ ಅಂದ್ರೆ ಏನು ಮಾಡೋದು, ಮನೇಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ. ಯುವಿ (ನೇರಳಾತೀತ ದೀಪ) ಬೇಕಾ?

---

ಪೈಪುಪಾಠ_ಹಾಸನ

ಎರಡು ಅಂತ ಮೂರು ಕೇಳಿದ್ರಿ, ಇರಲಿ.

ಝರಿ ನೀರನ್ನ ಹನಿಹನಿಯಾಗಿ ಬಿಡಿ. ವಾರಕ್ಕೆ 10 ಶೇಕಡ ಅಂದ್ರೆ 1,600 ಲೀಟರ್, ಗಂಟೆಗೆ ಹತ್ತು ಲೀಟರಿಗಿಂತ ಚೂರು ಕಮ್ಮಿ. ಡ್ರಿಪ್ಪಿನ 8 ಲೀಟರ್ ಎಮಿಟರ್ ಒಂದು ಸಿಕ್ಕಿಸಿದ್ರೆ ಹತ್ತಿರ ಹತ್ತಿರ ಆಯ್ತು, ಮುಂದೆ ಜಾಲರಿ ಫಿಲ್ಟರ್ ಮರೀಬೇಡಿ. ನಲ್ಲಿ ಪೂರ್ತಿ ಬಿಟ್ಟು ಮರೆತರೆ ಮೇಲಿನವರು ಹೇಳಿದ ಸೋಡಾ ಎಲ್ಲ ಓವರ್‌ಫ್ಲೋದಲ್ಲಿ ಬಾಳೆಗೆ ಹೋಗುತ್ತೆ.

ಕರೆಂಟ್ ಇಲ್ಲದಾಗ ಮೀನಿಗೆ ಮೊದಲು ಬೇಕಾದದ್ದು ಗಾಳಿ, ಸೋಸಿದ ನೀರಲ್ಲ. 50 ವ್ಯಾಟಿನ ಏರ್ ಪಂಪನ್ನ ಇನ್ವರ್ಟರಿಗೆ ಕೊಟ್ಟರೆ ಬೇರೆ ಲೋಡ್ ಇಲ್ಲದಿದ್ರೆ ರಾತ್ರಿ ದಾಟಿ ಮಾರನೇ ದಿನದ ತನಕ ಬರುತ್ತೆ. ನೀರಿನ ಪಂಪನ್ನೂ ಸೇರಿಸಿದ್ರೆ ಎಂಟು ಗಂಟೆ ಅಷ್ಟೇ. ಇನ್ವರ್ಟರ್ ಸೈನ್ ವೇವ್ ಆಗಿರಬೇಕು, ಸ್ಕ್ವೇರ್ ವೇವಲ್ಲಿ ಪಂಪು ಗುಂಯ್‌ಗುಟ್ಟಿ ಬಿಸಿಯಾಗುತ್ತೆ. ಏರ್ ಪಂಪನ್ನ ನೀರಿನ ಮಟ್ಟಕ್ಕಿಂತ ಮೇಲೇ ಇಡಿ, ಕೆಳಗಿಟ್ಟರೆ ನಿಂತಾಗ ಕೊಳವೆಯಲ್ಲಿ ನೀರು ಹಿಂದಕ್ಕೆ ಬಂದು ಪಂಪು ಸಾಯುತ್ತೆ. ಗಾಳಿ ಗುಳ್ಳೆ ಬಿಡೋ ಕಲ್ಲು ಒಂದು ಎರಡನೇ ತೊಟ್ಟಿಗೆ, ಎರಡು ಕೊಳಕ್ಕೆ. ತೊಟ್ಟಿಗೆ ಗಾಳಿ ನಿಂತರೆ ಬ್ಯಾಕ್ಟೀರಿಯಾ ಉಸಿರುಗಟ್ಟುತ್ತೆ. ಬಹಳ ಹೊತ್ತು ನಿಂತ ಮೇಲೆ ಪಂಪು ಹಾಕೋ ಮುಂಚೆ ಮೊದಲ ತೊಟ್ಟಿಯ ಬಿರಡೆ ಎತ್ತಿ ಕಪ್ಪು ನೀರು ಹೊರಗೆ ಬಿಡಿ. ಕರೆಂಟ್ ಇಲ್ಲದ ದಿನ ತಿಂಡಿಯೂ ಇಲ್ಲ.

ಎಲ್ಲ ಲೈನಿಗೂ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯೋ ಸ್ವಿಚ್), ಸರಿಯಾದ ಅರ್ಥಿಂಗ್. ಇದರಲ್ಲಿ ಚೌಕಾಸಿ ಇಲ್ಲ. ಒದ್ದೆ ನೆಲದಲ್ಲಿ ನಿಂತು ತೊಟ್ಟಿಗೆ ಕೈ ಹಾಕೋದು ನೀವೇ.

ಯುವಿ ಹಸಿರು ನೀರಿಗೆ ಮಾತ್ರ. 40 ವ್ಯಾಟ್ ಸಾಕು, ಪಂಪಿನ ನಂತರ ಬೈಪಾಸ್ ಲೈನಿನಲ್ಲಿ, ಎರಡೂ ಕಡೆ ಯೂನಿಯನ್ (ಬಿಚ್ಚಿ ಹಾಕಬಹುದಾದ ಜೋಡಣೆ) ಹಾಕಿ. ಬಲ್ಬು ಹೊಳೀತಿದ್ರೂ ವರ್ಷಕ್ಕೊಮ್ಮೆ ಬದಲಾಯಿಸಿ. ಈಗಲೇ ಬೇಡ, ಯೂನಿಯನ್ನಿನ ಜಾಗ ಮಾತ್ರ ಬಿಟ್ಟಿರಿ.

---

ನೀರಗಂಟಿ

ನೀರು ತುಂಬಿ ಪಂಪು ಹಾಕಿದ ಮೊದಲ ದಿನವೇ ಮೂರೂ ತೊಟ್ಟಿಯ ಗೋಡೆಗೆ ಓಡುವ ಮಟ್ಟದ ಗೆರೆ ಎಳೆಯಿರಿ. ಮುಂದೆ ಮೊದಲ ತೊಟ್ಟಿ ಗೆರೆಗಿಂತ ಕೆಳಗಿಳಿದರೆ ತಳದ ಡ್ರೈನ್ ಅಥವಾ ಸ್ಕಿಮ್ಮರ್ ಕಟ್ಟಿದೆ. ಮೊದಲನೆಯದು ಸರಿ ಇದ್ದು ಎರಡನೆಯದು ಇಳಿದರೆ ಬ್ರಷ್ ತೊಳೆಯುವ ಹೊತ್ತು. ಮೂರನೆಯದು ಮಾತ್ರ ಇಳಿದರೆ ಮ್ಯಾಟು, ಇಲ್ಲವೇ ಕಂಡಿಯ ಜಾಲರಿ. ಮೂರೂ ಗೆರೆಗಿಂತ ಮೇಲಿದ್ದರೆ ಪಂಪಿನ ಹರಿವೇ ಕುಗ್ಗಿದೆ, ಇಂಪೆಲ್ಲರ್ ಬಿಚ್ಚಿ ನೋಡಿ. ಕೊಳವೂ ತೊಟ್ಟಿಗಳೂ ಒಟ್ಟಿಗೆ ಇಳಿಯುತ್ತಿದ್ದರೆ ಸೋರಿಕೆ. ಆಗ ಪಂಪು ನಿಲ್ಲಿಸಿ ಒಂದು ರಾತ್ರಿ ಬಿಡಿ: ನಿಲ್ಲಿಸಿದಾಗ ಇಳಿಯದಿದ್ದರೆ ತೂತು ವಾಪಸ್ ಲೈನಿನಲ್ಲಿದೆ, ಆಗಲೂ ಇಳಿದರೆ ಕೊಳದಲ್ಲೋ ತೊಟ್ಟಿಯಲ್ಲೋ ತಳದ ಪೈಪಿನಲ್ಲೋ, ಇಲ್ಲವೇ ನೀರಿನ ಮಟ್ಟಕ್ಕಿಂತ ಕೆಳಗಿರುವ ವಾಪಸ್ ಪೈಪಿನಲ್ಲೋ.

ಬ್ರಷ್, ಮ್ಯಾಟುಗಳನ್ನು ಕೊಳದ ನೀರಿನಲ್ಲೇ ತೊಳೆಯಿರಿ, ಎರಡನ್ನೂ ಒಂದೇ ದಿನ ಬೇಡ. ಹೊಸ ಫಿಲ್ಟರ್ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಎರಡು ಮೂರು ಮೀನು ಬಿಟ್ಟು, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಉಳಿದವನ್ನು ತನ್ನಿ.